ಉದ್ದ ದೋಣಿಯಲ್ಲಿ ತೆಪ್ಪದವಳು

ಹೊರಡುವ ಮುಂಚೆ

ನನಗೆ ಈಜು ಬರುವುದಿಲ್ಲ. ಹುಟ್ಟಿದ್ದು ನಂಜನಗೂಡಿನಲ್ಲಿ, ಕಪಿಲೆಗೆ ಕೂಗಳತೆಯ ಮನೆಯಲ್ಲಿ. ಮದುವೆಯಾಗಿ ಬಂದದ್ದು ತಿ. ನರಸೀಪುರದಾಚೆ, ಹೆಮ್ಮಿಗೆ ಕಡೆಯ ಕಾವೇರಿ ದಡದ ಊರಿಗೆ. ಎರಡು ಹೊಳೆಯ ನೀರು ಕುಡಿದ ಹೆಂಗಸಿಗೆ ಮೊಣಕಾಲುದ್ದ ನೀರು ಕಂಡರೆ ಕೈಕಾಲು ತಣ್ಣಗಾಗುತ್ತದೆ ಎಂದರೆ ಜನ ನಗುತ್ತಾರೆ. ನಗಲಿ, ನಕ್ಕವರ ಹಲ್ಲು ಕಾಣುತ್ತದೆ ಅಷ್ಟೆ.

ಮೂರು ವರ್ಷದ ಹಿಂದೆ ಇಷ್ಟು ಭಯ ಇರಲಿಲ್ಲ. ಆಚೆ ದಡದಲ್ಲಿ ನಮಗೆ ಮೂವತ್ತು ಗುಂಟೆ ಜಮೀನಿದೆ. ಸೇತುವೆ ಸುತ್ತಿಕೊಂಡು ಹೋದರೆ ಅರ್ಧ ದಿನ ಹಾಳು, ಅದಕ್ಕೇ ತೆಪ್ಪ. ಬಿದಿರಿನ ದೊಡ್ಡ ಬುಟ್ಟಿಗೆ ಟಾರ್ಪಾಲು ಸುತ್ತಿ ಟಾರು ಬಳಿದರೆ ಅದೇ ತೆಪ್ಪ. ದುಂಡಗಿರುವುದರಿಂದ ಅಂಚಿನ ಸುತ್ತ ಕೂರಬೇಕು. ಒಂದು ಕಡೆ ವಾಲಿದರೆ ಆ ಕಡೆಯಿಂದ ಎದುರಂಚಿಗೆ ಒಬ್ಬರು ಜರುಗಬೇಕು. ಒಬ್ಬರೇ. ಯಾರು ಅನ್ನುವುದನ್ನು ಹುಟ್ಟು ಹಾಕುವವನು ಹೆಸರು ಹಿಡಿದು ಹೇಳುತ್ತಾನೆ. ಇದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.

ಅವತ್ತು ನಮ್ಮ ಹೊಲದ ಕಳೆ ಕೀಳಲು ನಾಲ್ವರು ಮುಯ್ಯಾಳಾಗಿ ಬಂದಿದ್ದರು. ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾನು. ನಡುಹೊಳೆಯಲ್ಲಿ ತೆಪ್ಪ ಸ್ವಲ್ಪ ವಾಲಿತು. ನಾನು ‘ವಾಲ್ತು’ ಎಂದು ಕಿರುಚಿಕೊಂಡೆ. ಹುಟ್ಟು ಹಾಕುವ ಶಿವಣ್ಣ ಹೆಸರು ಹೇಳುವ ಮೊದಲೇ ಎಲ್ಲರೂ ಒಟ್ಟಿಗೆ ಒಂದೇ ಕಡೆಗೆ ಬಿದ್ದರು. ತೆಪ್ಪ ಮಗುಚಿತು. ನಾನು ಅದರ ಅಂಚು ಹಿಡಿದು ಬದುಕಿದೆ. ಆ ನಾಲ್ವರಲ್ಲಿ ಒಬ್ಬಳಾದ ಸಾಕಮ್ಮ ಬದುಕಲಿಲ್ಲ. ಯಾರು ಕಿರುಚಿದ್ದು ಎಂದು ಆಮೇಲೆ ಕೇಳಿದಾಗ ಎಲ್ಲರೂ ಗೊತ್ತಿಲ್ಲ ಎಂದರು. ನಾನೂ ಗೊತ್ತಿಲ್ಲ ಎಂದೆ.

ಸಾಕಮ್ಮನ ಮಗಳು ಮಣಿ ಈಗ ತಾಯಿಯ ಬದಲು ಅದೇ ಹೊಳೆ ದಾಟಿ ಕೆಲಸಕ್ಕೆ ಹೋಗುತ್ತಾಳೆ. ನಾನು ಆವತ್ತಿನಿಂದ ತೆಪ್ಪಕ್ಕೆ ಕಾಲಿಟ್ಟಿಲ್ಲ.

ಹೀಗಿರುವಾಗ ಮೈಸೂರಿನ ಒಂದು ಸಂಸ್ಥೆಯಿಂದ ರಶ್ಮಿ ಎಂಬ ಎಂಜಿನಿಯರ್ ಹುಡುಗಿ ನಮ್ಮ ಪಂಚಾಯಿತಿಗೆ ಬಂದಳು. ಕೀನ್ಯಾ ದೇಶದ ಕಿಸುಮು ಎಂಬ ಊರಲ್ಲಿ ಕಪ್ಪು ಜನಾಂಗದ ಎಂಜಿನಿಯರುಗಳನ್ನೂ ಹೊಸ ಯಂತ್ರ ಕಂಡುಹಿಡಿದವರನ್ನೂ ಮೆರೆಸುವ ಹಬ್ಬವಂತೆ. ಅಲ್ಲಿನ ಅಕಿನ್ಯಿ ಎಂಬ ಹೆಂಗಸು ದೋಣಿ ವಾಲಿದರೆ ಮೊದಲೇ ಕೂಗಿ ಹೇಳುವ ಪೆಟ್ಟಿಗೆ ಮಾಡಿದ್ದಾಳಂತೆ. ಹೊಳೆ ದಾಟುವ ಒಂದು ಊರಿಗೆ ಹತ್ತು ಪೆಟ್ಟಿಗೆ ಪುಕ್ಕಟೆ ಕೊಡುತ್ತಾಳಂತೆ, ಊರಿನ ಪರವಾಗಿ ಒಬ್ಬರು ಹೋಗಬೇಕಂತೆ. ನಾನು ಪಂಚಾಯಿತಿ ಸದಸ್ಯೆ, ಪಿಯುಸಿವರೆಗೆ ಓದಿದವಳು. ಎಲ್ಲರೂ ನನ್ನ ಮುಖ ನೋಡಿದರು.

“ಅದು ಕಟ್ಟಿರೋ ದೋಣೀಲಿ ಕೂತ್ಕಂಡು ನೋಡ್ಕಂಡು ಬಾ ಕಣವ್ವ ಜಯಾ,” ಎಂದಳು ಹಿರಿಯಳಾದ ಚಿಕ್ಕತಾಯಮ್ಮ. “ನೀನು ಊರ್ಗೆಲ್ಲಾ ಎದ್ರುಪುಕ್ಲಿ. ನೀನೇ ಕೂತೆ ಅಂದ್ರೆ ನಾವು ಕಣ್ಮುಚ್ಕಂಡು ಕೂರ್ತೀವಿ.”

ನನಗೆ ಒಳಗೊಳಗೇ ಒಂದು ಆಸೆ ಹುಟ್ಟಿತು. ಯಂತ್ರವೇ ಕೂಗುವಂತಾದರೆ ಇನ್ನು ಮನುಷ್ಯರು ಕಿರುಚಬೇಕಾಗಿಲ್ಲ. ಆ ಆಸೆಗೇ ಹೂಂ ಎಂದೆ.

ಆಕಾಶದಲ್ಲಿ

ವಿಮಾನದಲ್ಲಿ ನನ್ನ ಎಡಕ್ಕೆ ರಶ್ಮಿ, ಬಲಕ್ಕೆ ಆರಡಿ ಮೀರಿದ ಕಪ್ಪು ಮನುಷ್ಯ. ಹೊರಡುವಾಗ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು, “ಆಫ್ರಿಕದೋರು ಅಂದ್ರೆ ಉಸಾರು ಕಣಮ್ಮ, ಬ್ಯಾಗು ಬುಡ್ಬೇಡ,” ಎಂದು ಹೇಳಿ ಕಳಿಸಿದ್ದರು. ನಾನು ಬ್ಯಾಗನ್ನು ಮಡಿಲಲ್ಲಿಟ್ಟು ತಬ್ಬಿಕೊಂಡೆ. ಅದನ್ನು ಮೇಲಿಡಬೇಕು ಎಂದು ಗಗನಸಖಿ ಎರಡು ಸಲ ಬಂದು ಹೇಳಿದಳು. ಮೂರನೆಯ ಸಲ ಅವಳ ಮುಖ ಗಂಟಾಯಿತು.

ಸೊಂಟದ ಬೆಲ್ಟು ಹಾಕುವುದು ತಿಳಿಯದೆ ತಡಕಾಡುತ್ತಿದ್ದೆ. ಆ ಮನುಷ್ಯ ತನ್ನ ಬೆಲ್ಟನ್ನು ಬಿಚ್ಚಿ, ನನಗೆ ಕಾಣುವ ಹಾಗೆ ನಿಧಾನವಾಗಿ ಮತ್ತೆ ಹಾಕಿಕೊಂಡ. ನನ್ನದನ್ನು ಮುಟ್ಟಲಿಲ್ಲ. ವಿಮಾನ ಮೇಲೇಳುವಾಗ ನಾನು ನಂಜುಂಡೇಶ್ವರನಿಗೆ ಉರುಳುಸೇವೆ ಹೊತ್ತುಕೊಂಡೆ, ಮೋಡದೊಳಗೆ ಕುಲುಕಾಡಿದಾಗ ಅದನ್ನು ಎರಡು ಮಾಡಿದೆ. ಅವನು ಫೋನಿನಲ್ಲಿ ತನ್ನ ಮಗಳ ಫೋಟೋ ತೋರಿಸಿದ. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಮಗು. ನನ್ನ ಗಮನ ಬೇರೆಡೆಗೆ ತಿರುಗಲಿ ಎಂದೇ ತೋರಿಸಿದನೆಂದು ಆಮೇಲೆ ರಶ್ಮಿ ಹೇಳಿದಳು. ನನಗೆ ನಾಚಿಕೆಯಾಯಿತು. ನಾನೇನು ಬಿಳುಪೇ? ತವರಲ್ಲಿ ಕರಿಯವ್ವ ಎಂದೇ ಕರೆದು, ಈ ಬಣ್ಣಕ್ಕಾಗಿಯೇ ಎರಡು ಸಂಬಂಧ ತಪ್ಪಿಹೋಗಿ, ಮೂರನೆಯವರು ಒಪ್ಪಿದ್ದಕ್ಕೆ ಇಲ್ಲಿದ್ದೇನೆ. ಆದರೂ ಬ್ಯಾಗು ತಬ್ಬಿಕೊಂಡಿದ್ದೆ.

ನೈರೋಬಿ

ಇಲ್ಲಿನ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸನ್ನು ತೆಗೆಸಿದರು. ಸಮವಸ್ತ್ರದ ಹೆಂಗಸೊಬ್ಬಳು ರಾಗಿಹಿಟ್ಟಿನ ಪೊಟ್ಟಣವನ್ನು ಎತ್ತಿ ಹಿಡಿದಳು. ಅದು ಯಾವ ಪುಡಿ ಎಂದುಕೊಂಡಳೋ, ನನ್ನನ್ನು ಜೈಲಿಗೆ ಹಾಕಿದರೆ ಮನೆಗೆ ಯಾರು ಹೇಳುತ್ತಾರೋ ಎಂದು ತಿರುಗಿ ನೋಡಿದೆ. ರಶ್ಮಿ ಹಿಂದಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದಳು. ಹೆಂಗಸು ಪೊಟ್ಟಣದ ಬಾಯಿ ಬಿಚ್ಚಿ ಮೂಸಿದಳು. ಅವಳ ಮುಖ ಸಡಿಲವಾಯಿತು. “ವಿಂಬಿ,” ಎಂದು ಪಕ್ಕದವಳಿಗೂ ಮೂಸಿಸಿದಳು. ಅವರ ಭಾಷೆಯಲ್ಲಿ ರಾಗಿಗೆ ಅದೇ ಹೆಸರಂತೆ, ಅವಳಜ್ಜಿಯೂ ಅದರಲ್ಲೇ ಗಂಜಿ ಕಾಯಿಸುತ್ತಿದ್ದಳಂತೆ. ಪೊಟ್ಟಣ ಕಟ್ಟಿ ವಾಪಸ್ಸು ಕೊಟ್ಟಳು.

ಕಿಸುಮು, ಹಬ್ಬದ ಬಯಲು

ಕಿಸುಮುವಿನಲ್ಲಿ ಒಂದು ಕೆರೆ ಇದೆ ಎಂದಿದ್ದರು. ಕೆರೆ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಬನ್ನೂರು ಕಡೆಯ ಕೆರೆಗಳು, ಏರಿ ಮೇಲೆ ನಿಂತರೆ ಆಚೆ ದಡದ ಎಮ್ಮೆ ಕಾಣಬೇಕು. ಇಲ್ಲಿ ಆಚೆ ದಡವೇ ಇಲ್ಲ. ನೀರು ಹೋಗಿ ಹೋಗಿ ಆಕಾಶಕ್ಕೆ ಸೇರಿಕೊಂಡಿದೆ. ನಾನು ಅದಕ್ಕೆ ಬೆನ್ನು ಹಾಕಿಯೇ ನಡೆದೆ.

ಬಯಲಿನ ತುಂಬ ಮಳಿಗೆಗಳು. ಬಾಗಿಲಿನಿಂದ ಒಳಗೆ ಕಾಲಿಟ್ಟೆವು, ಎದುರಿನಿಂದ ಹತ್ತಾರು ಹೆಂಗಸರು ನಾಲಿಗೆ ಅಲ್ಲಾಡಿಸುತ್ತಾ ಲುಲುಲು ಎಂದು ಒಂದೇ ಸಮ ಕೂಗಿದರು. ಯಾರೋ ಸತ್ತರು ಎಂದೇ ನನ್ನ ಎದೆ ಧಸಕ್ಕೆಂದಿತು. ನಮ್ಮಲ್ಲಿ ಹೆಂಗಸರು ಹೀಗೆ ಒಟ್ಟಿಗೆ ದನಿ ಎತ್ತುವುದು ಹೆಣದ ಮುಂದೆ ಮಾತ್ರ. ಇಲ್ಲಿ ಅದು ಸಂತೋಷಕ್ಕೆ. ಪ್ರತಿ ಮಳಿಗೆಯವರನ್ನು ಹೆಸರು ಕೂಗಿ ಕರೆದಾಗಲೂ ಅದೇ ಕೂಗು, ಪ್ರತಿ ಸಲವೂ ನನ್ನ ಎದೆ ಹಾಗೇ ಹಾರುತ್ತಿತ್ತು.

ಸೈಕಲ್ ಚೈನಿನಿಂದ ನೀರೆತ್ತುವ ಯಂತ್ರ ಮಾಡಿದ ಮುದುಕನೊಬ್ಬ ನನ್ನ ಕೈಗೇ ಹಿಡಿ ಕೊಟ್ಟು ತಿರುಗಿಸು ಎಂದ. ಬಸುರಿಯರ ರಕ್ತದೊತ್ತಡವನ್ನು ಮನೆಯಲ್ಲೇ ನೋಡಿ ಕೆಂಪು ದೀಪ ಹಚ್ಚಿ ಎಚ್ಚರಿಸುವ ಪಟ್ಟಿ ಮಾಡಿದ ಹುಡುಗಿ, ಬಿಸಿಲು ಸಾಕು, ಕರೆಂಟು ಬೇಡ ಎಂದಳು. ಒಬ್ಬ ಯುವಕ ತಾನೇ ಮಾಡಿಕೊಂಡ ಮರದ ಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿದು ತೋರಿಸುತ್ತಿದ್ದ. ಮೊಣಕಾಲಿನ ಕೀಲಿಗೆ ಲಾರಿ ಟೈರಿನ ರಬ್ಬರು ಹಾಕಿದ್ದ. ಕೊನೆಯ ಗೋಡೆಯ ಮೇಲೆ ಹಳೆಯ ಕಾಲದ ಕಪ್ಪು ಎಂಜಿನಿಯರುಗಳ, ಯಂತ್ರ ಕಂಡುಹಿಡಿದವರ ಚಿತ್ರಗಳು ಸಾಲಾಗಿದ್ದವು. ದಿನಾ ಬಳಸುವ ಎಷ್ಟೋ ವಸ್ತುಗಳ ಹಿಂದೆ ಇವರ ಕೈ ಇದೆ ಎಂದು ರಶ್ಮಿ ಓದಿ ಓದಿ ಹೇಳಿದಳು. ನಾನು ಹನ್ನೆರಡು ವರ್ಷ ಶಾಲೆ ಕಾಲೇಜು ಎಂದು ಮಣ್ಣು ಹೊತ್ತವಳು, ಒಬ್ಬರ ಹೆಸರನ್ನೂ ಕೇಳಿರಲಿಲ್ಲ.

ಅಕಿನ್ಯಿ ಮೂವತ್ತೈದರ ಹೆಂಗಸು, ಚಿಕ್ಕ ಆಳು, ಬೆರಳುಗಳಲ್ಲಿ ಬೆಸುಗೆಯ ಸುಟ್ಟ ಕಲೆಗಳು. ನನ್ನನ್ನು ‘ಮಾಮಾ ಜಯಾ’ ಎಂದಳು, ಹಿರಿಯ ಹೆಂಗಸರಿಗೆ ಅವರಲ್ಲಿ ಹಾಗೆನ್ನುವುದು ಮರ್ಯಾದೆಯಂತೆ. ಅವಳ ತಂದೆ ಮೀನುಗಾರ, ಇದೇ ಕೆರೆಯಲ್ಲಿ ದೋಣಿ ಮಗುಚಿ ತೀರಿಹೋದವರು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ತಾನೇ ಅಡ್ಡ ತಿರುಗುತ್ತದಲ್ಲ, ಆ ಗುಣವಿರುವ ಚೂರನ್ನು ಹಳೆಯ ಫೋನುಗಳಿಂದ ಕಿತ್ತು ಪೆಟ್ಟಿಗೆಯಲ್ಲಿ ಕೂರಿಸಿದ್ದಾಳೆ. ಟಿಫನ್ ಡಬ್ಬಿಯಷ್ಟು ದೊಡ್ಡದು. ದೋಣಿ ಸ್ವಲ್ಪ ವಾಲಿದರೆ ಟಿಕ್ ಟಿಕ್ ಎನ್ನುತ್ತದೆ. ಅಪಾಯ ಹತ್ತಿರ ಬಂದರೆ ಸೈರನ್. ಸೈರನ್ ಕೇಳಿದ ಕೂಡಲೇ ಎಲ್ಲರೂ ದೋಣಿಯ ತಳಕ್ಕೆ, ನಡುವಿಗೆ ಕುಸಿದು ಕೂರಬೇಕು. ಅಷ್ಟೇ. ಈ ಒಂದು ವರ್ಷದಲ್ಲಿ ಅವಳ ಊರಿನ ದೋಣಿಗಳಲ್ಲಿ ಒಬ್ಬರೂ ಮುಳುಗಿಲ್ಲವೆಂದು ಅವಳು ಹೇಳುವಾಗ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು.

ಊಟಕ್ಕೆ ಬಿಳಿಯ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಉಗಾಲಿ ಎನ್ನುತ್ತಾರೆ. ನಾನು ಮನೆಯಲ್ಲಿ ಮಾಡುವಂತೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಎದುರಿಗಿದ್ದವರು ಗಾಬರಿಯಾಗಿ ಎದ್ದು ನಿಂತರು. ಒಬ್ಬಳು ನನ್ನ ಬೆನ್ನು ಗುದ್ದಲು ಬಂದಳು. ನಮ್ಮಲ್ಲಿ ಮುದ್ದೆ ಅಗಿದರೆ ಹಲ್ಲಿಲ್ಲದ ಮುದುಕರೂ ನಗುತ್ತಾರೆ ಎಂದು ರಶ್ಮಿಯಿಂದ ಹೇಳಿಸಿದೆ. ಆ ಎರಡು ದಿನದಲ್ಲಿ ನಾನು ಹೆದರದೆ ಕೂತದ್ದು ಆ ಊಟದ ಹೊತ್ತಿನಲ್ಲಿ ಮಾತ್ರ.

ನೀರಿನ ಮೇಲೆ

ಮರುದಿನ ಬೆಳಗ್ಗೆ ದಡದಲ್ಲಿ ದೋಣಿ ನಿಂತಿತ್ತು. ಉದ್ದಕ್ಕೆ, ಕಿರಿದಾಗಿ, ಮೂತಿಯ ಎರಡು ಕಡೆ ಕಣ್ಣು ಬರೆದದ್ದು. ಅದರ ಅಂಬಿಗ ಒಕೆಲ್ಲೋ ಎಂಬ ಮುದುಕ. ಅವನು ಜೊಂಡಿನ ಕಡೆ ಕೈ ತೋರಿಸಿ ಏನೋ ಹೇಳಿದ. ನೋಡಿದರೆ ನೀರಿನಿಂದ ಎರಡು ಕಿವಿ, ಎರಡು ಕಣ್ಣು. ನೀರಾನೆ. ದೂರವಿದೆ, ಏನೂ ಮಾಡುವುದಿಲ್ಲ ಎಂದು ರಶ್ಮಿ ಅಂದಳು, ಆದರೆ ಅವಳ ದನಿಯೂ ಸರಿ ಇರಲಿಲ್ಲ.

ನನಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದರು. ನಾನು ಅದರ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡೆ. ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಲು ಏಳಲಿಲ್ಲ. ಹಿಂದೆ ದಡದ ತುಂಬ ಜನ, ಹಬ್ಬದವರು, ಕ್ಯಾಮೆರಾದವರು. ಊರಲ್ಲಿ ಮಣಿ ಈ ಹೊತ್ತಿಗೆ ತೆಪ್ಪ ಹತ್ತುತ್ತಿರಬಹುದು ಎನ್ನಿಸಿತು. ಹತ್ತಿದೆ.

ಅಕಿನ್ಯಿ ಇನ್ನೊಮ್ಮೆ ನಿಯಮ ಹೇಳಿದಳು, ರಶ್ಮಿ ಕನ್ನಡದಲ್ಲಿ ಹೇಳಿದಳು, ನಾನು ತಲೆಯಾಡಿಸಿದೆ. ಕಿವಿಗೆ ಬಿದ್ದದ್ದು ಮೈಗೆ ಇಳಿಯಬೇಕಲ್ಲ. ಸ್ವಲ್ಪ ದೂರ ಹೋದ ಮೇಲೆ ಒಂದು ದೊಡ್ಡ ಹಡಗು ಹಾದುಹೋಯಿತು, ಅದರ ಅಲೆ ನಮ್ಮ ಕಡೆ ಬಂತು. ದೋಣಿ ಎಡಕ್ಕೆ ವಾಲಿತು. ಟಿಕ್ ಟಿಕ್ ಜೋರಾಯಿತು, ಸೈರನ್ ಕಿರುಚಿತು. ಅಕಿನ್ಯಿ, ರಶ್ಮಿ, ಜೊತೆಗಿದ್ದ ಇಬ್ಬರು ಅತಿಥಿಗಳು ಎಲ್ಲರೂ ನಡುವಿಗೆ ಕುಸಿದರು. ನಾನು ಎದ್ದು ಬಲದ ಅಂಚಿಗೆ ಬಿದ್ದೆ. ತೆಪ್ಪದಲ್ಲಿ ಅದು ಸರಿ. ಈ ಉದ್ದ ದೋಣಿ ಅದೇ ಹೊತ್ತಿಗೆ ತಾನಾಗಿಯೇ ಬಲಕ್ಕೆ ಮರಳುತ್ತಿತ್ತು, ನನ್ನ ಭಾರವೂ ಸೇರಿ ಅಂಚು ನೀರಿಗೆ ಮುಟ್ಟಿತು. ತಣ್ಣನೆ ನೀರು ನನ್ನ ಮಡಿಲಿಗೆ ಬಂತು. ಸಾಕಮ್ಮನ ಕೈ ಕಂಡಂತಾಯಿತು. ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ.

ಒಕೆಲ್ಲೋ ನನ್ನ ಜಾಕೆಟ್ಟಿನ ಕತ್ತುಪಟ್ಟಿ ಹಿಡಿದು ಎಳೆದು ತಳಕ್ಕೆ ಕೆಡವಿದ. ದೋಣಿ ಎರಡು ಸಲ ತೂಗಾಡಿ ನಿಂತಿತು. ದಡದಿಂದ ಲುಲುಲು ಎಂದು ಕೂಗು, ಚಪ್ಪಾಳೆ. ಪೆಟ್ಟಿಗೆ ಕೂಗಿತು, ದೋಣಿ ಉಳಿಯಿತು ಎಂದು ಅವರಿಗೆಲ್ಲ ಸಂಭ್ರಮ. ನಾನು ಆ ನೀರಿನಲ್ಲೇ ಅಂಗಾತ ಬಿದ್ದುಕೊಂಡಿದ್ದೆ. ಆಗ ನನಗೆ ಒಂದು ವಿಷಯ ಹೊಳೆಯಿತು, ಅದು ಮುಳುಗುವ ಭಯಕ್ಕಿಂತ ಕೆಟ್ಟದಾಗಿತ್ತು. ಈ ಸೈರನ್ ನಮ್ಮ ತೆಪ್ಪದಲ್ಲಿ ಕೂಗಿದರೆ ಅದು ಯಾರ ಹೆಸರನ್ನೂ ಹೇಳುವುದಿಲ್ಲ. ನಿಯಮ ಕೇಳಿಯೂ ನಾನು ಎದುರಂಚಿಗೆ ಬಿದ್ದ ಹಾಗೆ ಎಲ್ಲರೂ ಒಟ್ಟಿಗೆ ಜರುಗುತ್ತಾರೆ. ನನ್ನ ಕಿರುಚಾಟವನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಊರಿಗೆ ಒಯ್ಯಲಿದ್ದೆ, ಅದೂ ಹತ್ತು ಡಬ್ಬಿ.

ವೇದಿಕೆ

ಮಧ್ಯಾಹ್ನ ಸಮಾರಂಭ. ಮೇಜಿನ ಮೇಲೆ ಹತ್ತು ಪೆಟ್ಟಿಗೆ ಜೋಡಿಸಿ ನೀಲಿ ರಿಬ್ಬನ್ ಕಟ್ಟಿದ್ದರು. ಮೊದಲು ಅಕಿನ್ಯಿಗೆ ವರ್ಷದ ಎಂಜಿನಿಯರ್ ಎಂದು ಫಲಕ, ಆಮೇಲೆ ಅವಳ ಕೈಯಿಂದ ನನಗೆ ಪೆಟ್ಟಿಗೆಗಳು, ಆಮೇಲೆ ಫೋಟೋ.

“ರಶ್ಮಿ, ಇದ ತಗಂಡೋದ್ರೆ ಜನ ಸಾಯ್ತಾರೆ ಕಣವ್ವ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. “ಆಂಟಿ, ಈಗ ತಗೊಂಡುಬಿಡಿ. ಆಮೇಲೆ ಫೋನಲ್ಲಿ ಮಾತಾಡೋಣ. ಇದು ಅವರ ಹಬ್ಬ,” ಎಂದಳು. ಅವಳು ಹೇಳಿದ್ದೂ ತಪ್ಪಲ್ಲ. ಮದುವೆಮನೆಯಲ್ಲಿ ನಿಂತು ಹುಡುಗನ ಐಬು ಎತ್ತಿದ ಹಾಗೆ. ಆದರೆ ಪೆಟ್ಟಿಗೆ ಊರು ಮುಟ್ಟಿದ ಮೇಲೆ ಆಮೇಲೆ ಎನ್ನುವುದು ಇರುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮೂರು ವರ್ಷ ಮುಚ್ಚಿಕೊಂಡಿದ್ದೆನಲ್ಲ.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತೆ.

“ಇದು ನಿಮ್ಮ ದೋಣಿಗೆ ದೇವರಂಥದ್ದು,” ಎಂದೆ. “ನಮ್ಮ ತೆಪ್ಪಕ್ಕೆ ಬ್ಯಾಡ.”

ರಶ್ಮಿ ನನ್ನನ್ನೇ ನೋಡಿದಳು. ಹೇಳವ್ವ ಎಂದೆ. ಅವಳು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಉಸಿರು ಬಿಡದೆ ಉಳಿದದ್ದನ್ನೂ ಹೇಳಿದೆ. ತೆಪ್ಪ ದುಂಡಗಿರುವುದು, ಒಬ್ಬರೇ ಜರುಗುವುದು, ಹೆಸರು ಹಿಡಿದು ಹೇಳುವುದು. ಬೆಳಗ್ಗೆ ದೋಣಿಯಲ್ಲಿ ತಪ್ಪು ಮಾಡಿದವಳು ನಾನು ಎಂದೂ ಹೇಳಿದೆ. ಆಮೇಲೆ ಸಾಕಮ್ಮನ ಹೆಸರು ಬಂತು. “ಕಿರುಚಿದ್ದು ನಾನು. ಊರಲ್ಲಿ ಯಾರ್ಗೂ ಹೇಳಿಲ್ಲ,” ಎಂದೆ. ರಶ್ಮಿಗೆ ಅದನ್ನು ಅನುವಾದಿಸಲು ಎರಡು ಸಲ ಬೇಕಾಯಿತು.

ಅಕಿನ್ಯಿಯ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವಳು ಫಲಕವನ್ನು ಕುರ್ಚಿಯ ಮೇಲಿಟ್ಟು ನನ್ನ ಪಕ್ಕ ಬಂದು ನಿಂತಳು. ಕೇಳಿದ್ದು ಒಂದೇ, ತೆಪ್ಪ ಎಷ್ಟು ಅಗಲ? ನಾನು ಕೈ ಚಾಚಿ ತೋರಿಸಿದೆ. ಎಷ್ಟು ಜನ? ತಳ ಮಣಿಯುತ್ತದೋ, ಗಟ್ಟಿಯೋ? ವೇದಿಕೆಯ ಮೇಲೆ, ಅಷ್ಟೂ ಜನರ ಎದುರಿಗೆ, ಅವಳು ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳುತ್ತಾ ಹೋದಳು. ಕ್ಯಾಮೆರಾದವರು ಕಾದು ಕಾದು ಕ್ಯಾಮೆರಾ ಕೆಳಗಿಳಿಸಿದರು. ಕೊನೆಗೆ ಅವಳು ಮೈಕು ತೆಗೆದುಕೊಂಡು, “ನನ್ನ ಪೆಟ್ಟಿಗೆಯಲ್ಲಿ ಒಂದು ತಪ್ಪಿದೆ, ಇದುವರೆಗೆ ಯಾರೂ ಹೇಳಿರಲಿಲ್ಲ, ಇವರು ಹೇಳಿದರು,” ಎಂದಳು. ರಿಬ್ಬನ್ ಬಿಚ್ಚಿ ಹತ್ತನ್ನೂ ಕೆಳಗಿಳಿಸಿದಳು. ಆಗ ಮುಂದಿನ ಸಾಲಿನ ಹೆಂಗಸೊಬ್ಬಳು ನಾಲಿಗೆ ಎತ್ತಿ ಕೂಗಿದಳು, ಉಳಿದವರೂ ಸೇರಿದರು. ನನಗೆ ಅಳು ಬಂತು.

ಮರುದಿನ ವಿಮಾನಕ್ಕೆ ಹೊರಡುವವರೆಗೂ ಅವಳು ಒಕೆಲ್ಲೋನ ಅಂಗಳದಲ್ಲಿ ಬಟ್ಟೆ ಒಗೆಯುವ ದೊಡ್ಡ ಬೇಸಿನ್ನಿಗೆ ನೀರು ತುಂಬಿ, ಅದರಲ್ಲಿ ಬುಟ್ಟಿ ತೇಲಿಬಿಟ್ಟು, ಕಲ್ಲುಗಳನ್ನು ಅತ್ತಿತ್ತ ಸರಿಸುತ್ತಾ ಕೂತಿದ್ದಳು. ಪ್ರತಿ ಕಲ್ಲಿಗೂ ನನ್ನಿಂದ ಒಂದೊಂದು ಹೆಸರಿಡಿಸಿದಳು. ಒಂದು ಪೆಟ್ಟಿಗೆಯ ಸೈರನ್ ತಂತಿ ಕತ್ತರಿಸಿ ನನಗೆ ಕೊಟ್ಟಳು. ಅದು ಕೂಗುವುದಿಲ್ಲ, ಎಷ್ಟು ವಾಲಿತು ಎಂಬುದನ್ನು ತನ್ನೊಳಗೇ ದಾಖಲಿಸಿಕೊಳ್ಳುತ್ತದೆ. ನಲವತ್ತು ಸಲ ಹೊಳೆ ದಾಟಬೇಕು, ಯಾರು ಎಲ್ಲಿ ಕೂತಿದ್ದರು, ಯಾರು ಜರುಗಿದರು ಎಂದು ಪ್ರತಿ ಸಲವೂ ಜೊತೆಗೆ ಕೂತು ಬರೆಯಬೇಕು. ಆಗ ಅವಳು ತೆಪ್ಪಕ್ಕೆ ಬೇರೆಯದೇ ಪೆಟ್ಟಿಗೆ ಮಾಡುತ್ತಾಳೆ.

“ಬೇರೆ ಯಾರಾದ್ರೂ ಬರೀಲಿ ಅನ್ನು,” ಎಂದೆ ರಶ್ಮಿಗೆ. ಅವಳು ಅದನ್ನು ಅನುವಾದಿಸಲೇ ಇಲ್ಲ.

ಊರು

ಊರಿಗೆ ಬಂದ ದಿನವೇ ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು. ಹತ್ತು ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ನಾನು ಕಿಸುಮುವಿನಲ್ಲಿ ಹೇಳಿದ್ದನ್ನೇ ಹೇಳಿದೆ. ಮೈಕಿನ ಮುಂದೆ, ಗೊತ್ತಿಲ್ಲದ ಜನರ ನಡುವೆ ಹೇಳಿದ್ದು ಇದರ ಕಾಲು ಭಾಗದಷ್ಟೂ ಕಷ್ಟವಾಗಿರಲಿಲ್ಲ. ಚಿಕ್ಕತಾಯಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮಣಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಕಂಬ ಬಿಟ್ಟು ಮನೆಗೆ ಹೋದಳು.

ಎಂಟು ದಿನ ಅವಳು ನಮ್ಮ ಬೀದಿಯಲ್ಲಿ ಹಾಯಲಿಲ್ಲ. ನೀರಿಗೆ ಹೋಗುವಾಗ ಎದುರಾದರೆ ತಲೆ ತಗ್ಗಿಸಿಕೊಂಡು ಸುತ್ತುದಾರಿ ಹಿಡಿಯುತ್ತಿದ್ದಳು. ನಾನು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ರಶ್ಮಿ ದಿನಾ ಫೋನು ಮಾಡಿ ಎಷ್ಟು ಸಲ ದಾಟಿದಿರಿ ಎನ್ನುತ್ತಿದ್ದಳು.

ಒಂಬತ್ತನೆಯ ದಿನ ಬೆಳಗ್ಗೆ ಪೆಟ್ಟಿಗೆ ಇಳಿಸಿ ಹೊಳೆಗೆ ಹೋದೆ. ತೆಪ್ಪದಲ್ಲಿ ಚಿಕ್ಕತಾಯಮ್ಮ, ಇನ್ನಿಬ್ಬರು, ಮತ್ತೆ ಮಣಿ. ಶಿವಣ್ಣ ಹುಟ್ಟು ಹಿಡಿದು, “ತೆಪ್ಪ ಅತ್ತವ್ವ, ಒತ್ತಾಯ್ತು,” ಎಂದ. ನನಗೆ ಉಳಿದಿದ್ದ ಜಾಗ ಮಣಿಯ ಎದುರಿಗೆ. ಕೂತೆ. ಪೆಟ್ಟಿಗೆಯನ್ನು ಕಾಲ ಬಳಿ ಕಟ್ಟಿದೆ, ನೋಟ್‌ಬುಕ್ಕು ಪೆನ್ನು ತೊಡೆಯ ಮೇಲೆ. ದಡ ದೂರವಾದಂತೆ ಕಣ್ಣು ಕತ್ತಲಿಟ್ಟಿತು. ಮಣಿ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನು ನೋಡುತ್ತಿದ್ದಳು.

ನಡುಹೊಳೆಯಲ್ಲಿ ತೆಪ್ಪ ಅವಳ ಕಡೆಗೆ ವಾಲಿತು. ನನ್ನ ಬಾಯಿ ತೆರೆಯಿತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ಯಾರೂ ಅಲುಗಲಿಲ್ಲ. ಆ ಕ್ಷಣ ಎಷ್ಟು ಉದ್ದವಿತ್ತೆಂದು ನನಗೆ ಮಾತ್ರ ಗೊತ್ತು.

“ಮಣಿ, ನೀನು ಜರುಗು,” ಎಂದ ಶಿವಣ್ಣ.

ಅವಳು ಜರುಗಲೇಬೇಕು, ಎದುರಂಚು ಎಂದರೆ ನಾನಿದ್ದ ಕಡೆ. ಬಗ್ಗಿಕೊಂಡು ಬಂದು ನನಗೆ ಒತ್ತಿ ಕೂತಳು. ತೆಪ್ಪ ಸಮವಾಯಿತು. ಇಬ್ಬರೂ ನೀರು ನೋಡುತ್ತಾ ಕೂತೆವು. ಆಚೆ ದಡದ ಹುಣಸೆಮರ ಹತ್ತಿರವಾದಾಗ ಅವಳು ನನ್ನ ಬಾಯಿಂದ ಸೆರಗು ಎಳೆದಳು, ಬಿದ್ದಿದ್ದ ಪೆನ್ನನ್ನು ಎತ್ತಿ ಕೈಗೆ ಕೊಟ್ಟಳು.

“ಬರ್ಕೊ ಚಿಕ್ಕವ್ವ,” ಎಂದಳು. “ಮಣಿ ಜರುಗುದ್ಲು ಅಂತ ಬರ್ಕೊ.”